ಕೆಂಪಿ ಕಾಲು ಕೊಡಲು ಕಲಿತದ್ದು

ನನ್ನ ಕುದುರೆ ಕೆಂಪಿ ನನ್ನ ಬಳಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಲಾಯಕ್ಕೆ ಹೋದರೆ ಬಲ ಹಿಂಗಾಲನ್ನು ಊರದೆ, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿಕೊಂಡು ನಿಂತಿದ್ದಳು. ಹಿಂದಿನ ಸಂಜೆ ಚೆನ್ನಾಗಿಯೇ ಓಡಾಡಿಕೊಂಡಿದ್ದಳು. ಕಾಲು ಮುರಿದೇ ಹೋಯಿತು ಅಂದುಕೊಂಡೆ. ಡಾಕ್ಟರು ಬಂದು ನೋಡಿ, ಗೊರಸಿನೊಳಗೆ ಕೀವು ಕಟ್ಟಿರುವ ಹಾಗಿದೆ, ಕಾಲೆತ್ತಿಸಿ ನೋಡೋಣ ಅಂದರು. ಕೆಂಪಿ ಎತ್ತಲು ಬಿಡಬೇಕಲ್ಲ! ಮೂರು ಜನ ಹಿಡಿದರೂ ಆಗಲಿಲ್ಲ. ಒಂದು ಒದೆಗೆ ಬಕೆಟ್ಟು ಹಾರಿ ಹೋಯಿತು. ಇನ್ನೊಂದು ಡಾಕ್ಟರ ತೊಡೆಯ ಪಕ್ಕದಲ್ಲೇ ಗಾಳಿ ಸೀಳಿಕೊಂಡು ಹೋಯಿತು. ಕೊನೆಗೆ ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟು ಗೊರಸು ಕೆರೆದರು. ಕಡುಬೂದು ಬಣ್ಣದ ಕೀವು ಹೊರಬಂತು. ಸಂಜೆ ಹೊತ್ತಿಗೆ ಕಾಲು ಊರಿದಳು.

ಡಾಕ್ಟರು ಕೈ ತೊಳೆಯುತ್ತಾ ಒಂದೇ ಮಾತು ಕೇಳಿದರು: "ಇವಳಿಗೆ ಏನು ಕಲಿಸಿದ್ದೀರಿ?" ನಡಿ ಅಂದರೆ ನಡೆಯುತ್ತಾಳೆ, ನಿಲ್ಲು ಅಂದರೆ ನಿಲ್ಲುತ್ತಾಳೆ, ಬೆನ್ನ ಮೇಲೆ ಕೂರಿಸಿಕೊಂಡು ಚೆನ್ನಾಗಿ ಓಡುತ್ತಾಳೆ ಅಂದೆ. ಅವರು ನಕ್ಕರು ಅಷ್ಟೆ. ನನಗೆ ಅರ್ಥವಾಯಿತು. ನನಗೆ ಬೇಕಾದ್ದನ್ನೆಲ್ಲ ಕಲಿಸಿದ್ದೆ, ಅವಳಿಗೆ ಬೇಕಾದ್ದನ್ನು ಕಲಿಸಿರಲಿಲ್ಲ. ಕಾಯಿಲೆ ಬಿದ್ದ ದಿನ ಕಾಲೆತ್ತಲು ಕಲಿಸೋಕೆ ಹೋಗುವುದು ಬಾಯಾರಿದಾಗ ಬಾವಿ ತೋಡಿದ ಹಾಗೆ.

ಅವತ್ತಿನಿಂದ ನನ್ನ ಪದ್ಧತಿಯೇ ಬದಲಾಯಿತು. ಸವಾರಿ ಆಮೇಲೆ. ಮೊದಲು ಕಾಲು ಕೊಡುವುದು, ಬಾಯಿ ತೋರಿಸುವುದು, ಜ್ವರ ನೋಡಿಸಿಕೊಳ್ಳುವುದು, ಸೂಜಿಗೆ ಹೆದರದೆ ನಿಲ್ಲುವುದು. ಇದನ್ನೆಲ್ಲ ಬಲವಂತವಿಲ್ಲದೆ ಕಲಿಸುವುದು ಹೇಗೆ, ಕಲಿಸಿದ್ದನ್ನು ದಿನಾ ಹೇಗೆ ಬಳಸಿಕೊಳ್ಳುವುದು ಅನ್ನುವುದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ.

ಕೈ ಯಾವಾಗ ತೆಗೆಯುತ್ತೀರಿ?

ನೀವು ಕೈ ಇಟ್ಟಿರಿ ಅಂತ ಕುದುರೆ ಕಲಿಯುವುದಿಲ್ಲ. ಕೈ ತೆಗೆದಾಗ ಕಲಿಯುತ್ತದೆ. ನೀವು ಬೆರಳಿನಿಂದ ಪಕ್ಕೆಯನ್ನು ಮೆಲ್ಲಗೆ ಒತ್ತುತ್ತೀರಿ, ಕುದುರೆ ಒಂದು ಹೆಜ್ಜೆ ಸರಿಯುತ್ತದೆ, ಆ ಕ್ಷಣವೇ ಬೆರಳು ತೆಗೆಯುತ್ತೀರಿ. "ಓಹೋ, ಸರಿದರೆ ಇದು ನಿಲ್ಲುತ್ತದೆ" ಅಂತ ಅದಕ್ಕೆ ಹೊಳೆಯುತ್ತದೆ. ಸರಿದ ಮೇಲೂ ಒತ್ತುತ್ತಲೇ ಇದ್ದರೆ? ಸರಿದು ಪ್ರಯೋಜನವಿಲ್ಲ ಅಂತ ಕಲಿಯುತ್ತದೆ. ಆಮೇಲೆ ನೀವು ಜೋರಾಗಿ ಒತ್ತಬೇಕು, ಅದಕ್ಕಿಂತ ಆಮೇಲೆ ಕೋಲು ಹಿಡಿಯಬೇಕು. ಮೊಂಡ ಕುದುರೆ ಅಂತ ಹೆಸರಿಟ್ಟವುಗಳಲ್ಲಿ ಎಷ್ಟೋ ಹೀಗೆ ಆದವು.

ಇದರ ಇನ್ನೊಂದು ಮಗ್ಗುಲೇ ನನ್ನನ್ನು ಕೆಡಿಸಿದ್ದು. ಕೆಂಪಿಯ ಹಿಂಗಾಲು ಮುಟ್ಟಿದಾಗಲೆಲ್ಲ ಅವಳು ಕಾಲು ಝಾಡಿಸುತ್ತಿದ್ದಳು, ನಾನು ಹೆದರಿ ಕೈ ತೆಗೆಯುತ್ತಿದ್ದೆ. ಅಂದರೆ ಎಂಟು ತಿಂಗಳು ನಾನೇ ದಿನಾ ಪಾಠ ಮಾಡಿದ್ದೆ: ಒದ್ದರೆ ಈ ಹೆಂಗಸು ದೂರ ಹೋಗುತ್ತಾಳೆ.

ಕುದುರೆ ಎಷ್ಟು ಸೂಕ್ಷ್ಮವಾಗಿ ನಮ್ಮನ್ನು ಓದುತ್ತದೆ ಗೊತ್ತಾ? ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಇತ್ತು. ಕೂಡುವ ಕಳೆಯುವ ಲೆಕ್ಕ ಕೇಳಿದರೆ ಗೊರಸು ಕುಟ್ಟಿ ಸರಿ ಉತ್ತರ ಹೇಳುತ್ತಿತ್ತು. ಜನ ಬೆರಗಾಗಿ ನೋಡುತ್ತಿದ್ದರು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಅನ್ನುವವರು ಗುಟ್ಟು ಬಿಡಿಸಿದರು. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ತಪ್ಪು ಹೇಳುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವನ ತಲೆ ಅವನಿಗೇ ತಿಳಿಯದ ಹಾಗೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು. ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ, ನಿಜ. ಆದರೆ ಅಷ್ಟು ಜನ ಕಾಣದ್ದನ್ನು ಅದೊಂದೇ ಕಂಡಿತ್ತು! ಹಾಗಾಗಿ ನೀವು ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿಕೊಂಡು ಹತ್ತಿರ ಹೋಗಿ "ಏನೂ ಆಗಲ್ಲ ಬಾರೇ" ಅಂದರೆ ಅದು ಮಾತನ್ನು ನಂಬುವುದಿಲ್ಲ, ಹಲ್ಲನ್ನು ನಂಬುತ್ತದೆ.

ನಿಲ್ಲುವ ಜಾಗ

ಕುದುರೆಯ ಕಣ್ಣು ತಲೆಯ ಪಕ್ಕಕ್ಕಿವೆ. ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಕಾಣದ ಜಾಗ ಎರಡೇ: ಹಣೆ ಮೂತಿಯ ನೇರ ಮುಂದೆ, ಬಾಲದ ನೇರ ಹಿಂದೆ. ಅದಕ್ಕೇ ಹೋಗುವಾಗ ಭುಜದ ಕಡೆಯಿಂದ ಹೋಗಿ, ಮೊದಲು ಭುಜ ಮುಟ್ಟಿ. ಮುಖಕ್ಕೆ ಕೈ ಹಾಕಬೇಡಿ. ಹಿಂದಿನಿಂದ ದಾಟಬೇಕಾದರೆ ಒಂದೋ ಸೊಂಟದ ಮೇಲೆ ಕೈ ಇಟ್ಟು ಮೈಗೆ ಅಂಟಿಕೊಂಡೇ ದಾಟಿ, ಇಲ್ಲವೇ ಒದೆ ತಲುಪದಷ್ಟು ದೂರ ಹೋಗಿ. ಎರಡರ ನಡುವಿನ ದೂರವೇ ಅಪಾಯ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ. ಮಡಚಿ ಹಿಡಿಯಿರಿ. ಗಟ್ಟಿ ಬೂಟು ಹಾಕಿ. ಕಟ್ಟಿದರೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಇದಿಷ್ಟು ಬಾಯಿಪಾಠವಾಗಬೇಕು.

ಕಾಲು ಕೇಳುವುದು

ಈಗ ಕೆಂಪಿಯ ವಿಷಯಕ್ಕೆ ಬರುತ್ತೇನೆ. ಗೊರಸು ವಾಸಿಯಾದ ಮೇಲೆ ಶುರು ಮಾಡಿದೆ. ಕಟ್ಟಲಿಲ್ಲ. ಹಾಲ್ಟರ್, ಅಂದರೆ ಹಗ್ಗ ಕಟ್ಟುವ ತಲೆಪಟ್ಟಿ, ಹಾಕಿ, ಅವಳನ್ನು ಬಲ್ಲ ಒಬ್ಬರ ಕೈಗೆ ಹಗ್ಗ ಸಡಿಲವಾಗಿ ಕೊಟ್ಟೆ. ಅವರು ನಾನು ನಿಂತ ಪಕ್ಕಕ್ಕೇ ನಿಲ್ಲಬೇಕು. ಕುದುರೆ ಬೆಚ್ಚಿದರೆ ತಲೆಯನ್ನು ನಮ್ಮ ಕಡೆ ತಿರುಗಿಸಿದರೆ ಸಾಕು, ಹಿಂಭಾಗ ನಮ್ಮಿಂದ ಆಚೆ ಹೋಗುತ್ತದೆ.

ಮುಂಗಾಲಿನಿಂದ ಆರಂಭ. ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಲ್ಲಿ. ಅಂಗೈಯನ್ನು ಭುಜದಿಂದ ಮೊಣಕಾಲಿನವರೆಗೆ ಜಾರಿಸಿ. ಚಕ್ಕಳಗುಳಿ ಇಟ್ಟ ಹಾಗೆ ಮುಟ್ಟಬೇಡಿ, ಅದು ನೊಣ ಕೂತ ಹಾಗಿರುತ್ತದೆ. ಪೂರ್ತಿ ಅಂಗೈ ಇರಲಿ. ಕುದುರೆಯ ಕಿವಿ, ಕಣ್ಣು, ಮೂಗಿನ ಹೊಳ್ಳೆ ನೋಡುತ್ತಿರಿ. ಎಲ್ಲಿ ಕತ್ತು ಬಿಗಿಯಾಗುತ್ತದೋ ಅಲ್ಲಿಗಿಂತ ನಾಲ್ಕು ಬೆರಳು ಮೇಲೆ ಇವತ್ತಿನ ಗಡಿ. ಅಲ್ಲಿ ಕೈ ಇಡಿ, ಅದು ಉಸಿರು ಬಿಡುವವರೆಗೆ ಕಾಯಿರಿ, ಕೈ ತೆಗೆಯಿರಿ. ಮತ್ತೆ. ಗಡಿ ತಾನಾಗಿ ಕೆಳಗೆ ಇಳಿಯುತ್ತಾ ಹೋಗುತ್ತದೆ. ಕುದುರೆ ಅಲುಗಿದರೆ ಕೈ ಕಿತ್ತುಕೊಳ್ಳಬೇಡಿ. ಅದು ನಿಲ್ಲುವವರೆಗೆ ಕೈಯೂ ಜೊತೆಗೆ ಹೋಗಲಿ, ನಿಂತ ಕೂಡಲೇ ತೆಗೆಯಿರಿ.

ಹಿಂಗಾಲಿಗೆ ಮೊದಲು ನನ್ನ ಕೈ ಬಳಸಲಿಲ್ಲ. ಉದ್ದ ಕೋಲಿನ ತುದಿಗೆ ಹಳೆಯ ಕೈಗವಸಿಗೆ ಬಟ್ಟೆ ತುರುಕಿ ಕಟ್ಟಿದೆ. ನಾನು ಭುಜದ ಹತ್ತಿರವೇ ನಿಂತು ಆ ಬೊಂಬೆಗೈಯಿಂದ ಸೊಂಟ, ತೊಡೆ, ಕೆಳಗಿನ ಕಾಲು ಸವರಿದೆ. ಮೊದಲ ದಿನ ಕೈಗವಸಿಗೆ ಆರು ಒದೆ ಬಿತ್ತು. ಕೈಗವಸಿಗೆ ನೋವೂ ಇಲ್ಲ, ಭಯವೂ ಇಲ್ಲ. ಹಾಗಾಗಿ ಅದು ಜಾಗ ಬಿಡಲಿಲ್ಲ. ಅವಳು ಕಾಲು ಊರಿ ನಿಂತಾಗಷ್ಟೇ ತೆಗೆದೆ. ಮೂರನೇ ದಿನ ಒದೆ ಇಲ್ಲ. ಐದನೇ ದಿನ ಕೈಗವಸಿನ ಜಾಗಕ್ಕೆ ನನ್ನ ಕೈ ಬಂತು.

ಮುಟ್ಟಿಸಿಕೊಳ್ಳುವುದು ಬೇರೆ, ಎತ್ತುವುದು ಬೇರೆ. ಕಾಲಿನ ಹಿಂಬದಿಯ ಸ್ನಾಯುರಜ್ಜು ಬಿಗಿಯಾಗಿರುವ ಜಾಗವನ್ನು, ಗೆಣ್ಣಿನ (ಗೊರಸಿಗಿಂತ ಸ್ವಲ್ಪ ಮೇಲಿನ ಕೀಲು) ಮೇಲೆ, ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಕಾಯಿರಿ. ಕುದುರೆ ಭಾರವನ್ನು ಇನ್ನೊಂದು ಕಾಲಿಗೆ ಸರಿಸುತ್ತದೆ. ಅಷ್ಟಕ್ಕೇ ಬಿಡಿ! ಎತ್ತಲು ಹೋಗಬೇಡಿ. ಇದೇ ಬಹಳ ಜನ ತಪ್ಪುವ ಜಾಗ. ಭಾರ ಸರಿಸಿದ್ದು ಉತ್ತರ, ಉತ್ತರ ಬಂತು ಅಂತ ತಿಳಿಸಬೇಕು. ಆಮೇಲೆ ಹಿಮ್ಮಡಿ ಎದ್ದರೆ ಬಿಡಿ. ಆಮೇಲೆ ಗೊರಸು ನೆಲ ಬಿಟ್ಟರೆ ಒಂದು ಸೆಕೆಂಡು ಹಿಡಿದು, ಅದು ಕಿತ್ತುಕೊಳ್ಳುವ ಮೊದಲೇ, ನೆಲಕ್ಕೆ ಮೆತ್ತಗೆ ಇಡಿ. ಬೀಳಿಸಬೇಡಿ. ಒಂದು, ಮೂರು, ಐದು, ಹತ್ತು. ಕೆಂಪಿಗೆ ನಾಲ್ಕೂ ಕಾಲಿಗೆ ಸೇರಿ ಮೂರು ವಾರ ಹಿಡಿಯಿತು, ದಿನಕ್ಕೆ ಹತ್ತು ನಿಮಿಷದಂತೆ. ನಿಮ್ಮದಕ್ಕೆ ಮೂರು ದಿನವೂ ಸಾಕಾಗಬಹುದು, ಮೂರು ತಿಂಗಳೂ ಬೇಕಾಗಬಹುದು. ಎಡಗಡೆ ಕಲಿತದ್ದು ಬಲಗಡೆಗೂ ಬಂತು ಅಂತ ಅಂದುಕೊಳ್ಳಬೇಡಿ, ಅಲ್ಲಿ ಮೊದಲಿಂದ ಶುರು ಮಾಡಿ.

ತಿನ್ನಲು ಕೊಡಬೇಕೇ? ನಾನು ಕೊಡುತ್ತೇನೆ, ಆದರೆ ಕೈಯಿಂದ ಸುಮ್ನೆ ಕೊಡುವುದಿಲ್ಲ. ಕೇಳಿದ ಕೆಲಸ ಮಾಡಿದಾಗ, ಕತ್ತು ನೇರ ಇದ್ದಾಗ ಮಾತ್ರ. ಜೇಬಿಗೆ ಮೂತಿ ಹಾಕಿದರೆ ಏನೂ ಸಿಗದು. ಇಲ್ಲದಿದ್ದರೆ ಕಚ್ಚುವುದನ್ನು ನಾವೇ ಕಲಿಸಿದ ಹಾಗೆ. ಎಷ್ಟೋ ಸಲ ಕತ್ತಿನ ಬುಡದಲ್ಲಿ, ಭುಜ ಬೆನ್ನು ಸೇರುವ ಕಡೆ, ಚೆನ್ನಾಗಿ ಕೆರೆದುಕೊಟ್ಟರೆ ಅದೇ ಜಾಸ್ತಿ ಇಷ್ಟ. ಮೇಲ್ದುಟಿ ಉದ್ದ ಮಾಡಿ ನಡುಗಿಸುತ್ತದೆ. ಜಾಗ ಸಿಕ್ಕಿತು ಅಂತ ಅರ್ಥ.

ಒಂದು ಎಚ್ಚರ. ದಿನಾ ಕಾಲು ಕೊಡುತ್ತಿದ್ದ ಕುದುರೆ ಇವತ್ತು ಕೊಡಲಿಲ್ಲ ಅಂದರೆ ಗದರಿಸಬೇಡಿ, ಮೊದಲು ನೋವು ಹುಡುಕಿ. ವಯಸ್ಸಾದ ಕುದುರೆಗೆ ಕೀಲು ನೋವಿದ್ದರೆ ಒಂದು ಕಾಲೆತ್ತಿದಾಗ ಉಳಿದ ಮೂರರ ಮೇಲೆ ನಿಲ್ಲುವುದೇ ಕಷ್ಟ. ಅದಕ್ಕೆ ಕಾಲನ್ನು ಕೆಳಗೇ ಹಿಡಿಯಿರಿ, ಸ್ವಲ್ಪ ಹೊತ್ತೇ ಹಿಡಿಯಿರಿ.

ಮಾಲೀಸು ಮಾಡುತ್ತಲೇ ತಪಾಸಣೆ

ನನ್ನ ಲಾಯದಲ್ಲಿ ತಪಾಸಣೆಗೆ ಬೇರೆ ಸಮಯ ಇಲ್ಲ. ಮಾಲೀಸು ಮಾಡುವಾಗಲೇ ಎಲ್ಲ. ಬಲಗೈಯಲ್ಲಿ ಬ್ರಷ್, ಎಡಗೈ ಬರಿಗೈ. ಬ್ರಷ್ ಹೋದ ಕಡೆಯೆಲ್ಲ ಬರಿಗೈ ಹಿಂದೆಯೇ ಹೋಗುತ್ತದೆ. ಗಂಟು, ಬಿಸಿ, ಊತ, ಒಣಗಿದ ರಕ್ತ, ಉಣ್ಣೆಹುಳು, ಇವೆಲ್ಲ ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತವೆ. ಜೀನು ಕೂರುವ ಜಾಗವನ್ನು ಬೆರಳಿನಿಂದ ಒತ್ತುತ್ತಾ ಹೋಗಿ. ಬೆನ್ನು ತಗ್ಗಿಸಿದರೆ ಅಥವಾ ಕಿವಿ ಹಿಂದಕ್ಕೆ ಮಡಚಿದರೆ ಜೀನು ಸರಿಯಿಲ್ಲದಿರಬಹುದು. ಅಲ್ಲಿ ಬಿಳಿ ಕೂದಲು ಹುಟ್ಟಿದ್ದರೆ ಹಿಂದೆ ಯಾವಾಗಲೋ ಒತ್ತಿ ಗಾಯವಾಗಿತ್ತು ಅಂತ ಅರ್ಥ.

ಗೊರಸನ್ನು ದಿನಾ ಕೊಕ್ಕೆಯಿಂದ ಶುಚಿ ಮಾಡಬೇಕು, ಹಿಮ್ಮಡಿಯಿಂದ ತುದಿಯ ಕಡೆಗೆ. ನಡುವೆ ತ್ರಿಕೋನದ ಹಾಗೆ ಇರುವ, ರಬ್ಬರಿನಂಥ ಭಾಗಕ್ಕೆ ಫ್ರಾಗ್ ಅನ್ನುತ್ತಾರೆ. ಅದರ ಎರಡೂ ಪಕ್ಕದ ಸಂದಿಯಲ್ಲಿ ಕಸ ಕೂರುತ್ತದೆ. ಕೊಳೆತ ವಾಸನೆ, ಕಪ್ಪು ಜಿಡ್ಡು ಕಂಡರೆ ಗೊರಸು ಕೊಳೆಯುತ್ತಿದೆ. ಔಷಧಿಗಿಂತ ಮೊದಲು ನೆಲ ಒಣಗಿಸಿ. ಲದ್ದಿ, ಮೂತ್ರದಲ್ಲಿ ನಿಂತ ಗೊರಸಿಗೆ ಯಾವ ಔಷಧಿಯೂ ಹತ್ತುವುದಿಲ್ಲ. ಲಾಳ ಇರಲಿ ಬಿಡಲಿ, 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸರಿ ಮಾಡಿಸಬೇಕು. ಅಂಗಾಲಿಗೆ ಮೊಳೆ ಚುಚ್ಚಿದ್ದು ಕಂಡರೆ ಆತುರದಲ್ಲಿ ಕೀಳಬೇಡಿ. ಇನ್ನೂ ಒಳಗೆ ಹೋಗದ ಹಾಗೆ ಕುದುರೆಯನ್ನು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಮೊಳೆ ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆ ಅನ್ನುವುದು ಎಕ್ಸ್‌ರೇಯಲ್ಲಿ ಅದು ಇದ್ದಾಗಲೇ ಗೊತ್ತಾಗುವುದು.

ಗೊರಸು ಕೆಳಗಿಟ್ಟ ಮೇಲೆ ಗೆಣ್ಣಿನ ಹಿಂದೆ, ಎರಡೂ ಪಕ್ಕ, ಬೆರಳಿಟ್ಟು ನೋಡಿ. ಆರೋಗ್ಯದ ಕಾಲಿನಲ್ಲಿ ನಾಡಿ ಸಿಗುವುದೇ ಕಷ್ಟ. ಧಗ್ ಧಗ್ ಅಂತ ಬಡಿಯುತ್ತಿದ್ದರೆ, ಗೊರಸು ಬಿಸಿ ಇದ್ದರೆ, ಒಳಗೆ ಏನೋ ಆಗಿದೆ. ಒಂದೇ ಕಾಲಿನಲ್ಲಾದರೆ ಕೀವು ಇರಬಹುದು. ಎರಡೂ ಮುಂಗಾಲಲ್ಲಿ ಹಾಗಿದ್ದು, ಕುದುರೆ ಭಾರವನ್ನು ಹಿಂದಕ್ಕೆ ಹಾಕಿ ವಾಲಿ ನಿಂತಿದ್ದರೆ ಗೊರಸಿನೊಳಗಿನ ಉರಿಯೂತ, ಲ್ಯಾಮಿನೈಟಿಸ್. ಅದು ನಾಳೆಗೆ ಕಾಯುವ ಕಾಯಿಲೆ ಅಲ್ಲ.

ನಿಮ್ಮ ಕುದುರೆಯ ಅಂಕಿ

ಪುಸ್ತಕದ ಅಂಕಿ ಹೀಗಿವೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈ ಬಿಸಿ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಆದರೆ ನಿಮಗೆ ಬೇಕಾದ್ದು ನಿಮ್ಮ ಕುದುರೆಯ ಅಂಕಿ. ಕೆಂಪಿಯ ನಾಡಿ ಯಾವಾಗಲೂ 32ರ ಆಸುಪಾಸು. ಅವಳಿಗೆ 44 ಬಂದರೆ ಪುಸ್ತಕದ ಲೆಕ್ಕದಲ್ಲಿ ಸರಿಯೇ, ನನ್ನ ಲೆಕ್ಕದಲ್ಲಿ ಅಲ್ಲ. ಚೆನ್ನಾಗಿರುವಾಗ ಒಂದು ವಾರ ದಿನಾ ನೋಡಿ ಬರೆದಿಡಿ. ನಾನು ಮೇವಿನ ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಫೋನಿನಲ್ಲಿ ಬರೆದರೆ ಬೇಕಾದಾಗ ಚಾರ್ಜ್ ಇರುವುದಿಲ್ಲ.

ನಾಡಿ ಸಿಗುವುದು ದವಡೆಯ ಮೂಳೆಯ ಕೆಳ ಅಂಚಿನಲ್ಲಿ. ಅಲ್ಲಿ ಸಣ್ಣ ಕೊಳವೆಯ ಹಾಗೆ ರಕ್ತನಾಳ ಬೆರಳಡಿ ಜಾರುತ್ತದೆ. ಹೆಬ್ಬೆರಳಿಂದ ನೋಡಬೇಡಿ, ನಿಮ್ಮದೇ ನಾಡಿ ಸಿಗುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಒಸಡು ಗುಲಾಬಿ ಬಣ್ಣದಲ್ಲಿ ಒದ್ದೆಯಾಗಿರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಪಕ್ಕೆಯ ಹಿಂದೆ ಹೊಟ್ಟೆಗೆ ಕಿವಿ ಇಟ್ಟರೆ ಗುಡುಗುಡು ಕೇಳಬೇಕು, ಎರಡೂ ಕಡೆ. ಹೊಟ್ಟೆ ಮೌನವಾಗಿದ್ದರೆ ನನಗೆ ಗುಡುಗಿಗಿಂತ ಹೆದರಿಕೆ.

ಥರ್ಮಾಮೀಟರ್ ಕಲಿಸುವುದೂ ಕಾಲಿನ ಪಾಠದ ಹಾಗೆಯೇ. ಹಿಂದೆ ನಿಲ್ಲಬೇಡಿ, ಸೊಂಟಕ್ಕೆ ಒರಗಿಕೊಂಡ ಹಾಗೆ ಪಕ್ಕದಲ್ಲಿ ನಿಲ್ಲಿ. ಒಂದೆರಡು ದಿನ ಬಾಲದ ಬುಡ ಕೆರೆಯುವುದಷ್ಟೇ. ಆಮೇಲೆ ಬಾಲ ಸ್ವಲ್ಪ ಎತ್ತಿ ಇಳಿಸುವುದು. ಬಾಲ ಬಿಗಿ ಹಿಡಿದರೆ ಎಳೆಯಬೇಡಿ, ಅದು ಸಡಿಲ ಬಿಡುವವರೆಗೆ ಕೈ ಸುಮ್ಮನೆ ಅಲ್ಲೇ ಇರಲಿ. ವ್ಯಾಸಲೀನ್ ಹಚ್ಚಿದ ಥರ್ಮಾಮೀಟರನ್ನು ಗುದದೊಳಗೆ ಇಡುವುದು ಕೊನೆಗೆ. ಅದಕ್ಕೊಂದು ದಾರ ಕಟ್ಟಿ, ದಾರದ ತುದಿಗೆ ಬಟ್ಟೆಯ ಕ್ಲಿಪ್ ಹಾಕಿ ಬಾಲದ ಕೂದಲಿಗೆ ಸಿಕ್ಕಿಸಿ. ಯಾಕೆ ಅಂತ ವಿವರಿಸಬೇಕಿಲ್ಲ ಅಲ್ವಾ?

ಬಾಯಿಗೆ ಔಷಧಿ ಹಾಕುವ ದೊಡ್ಡ ಸಿರಿಂಜಿಗೆ ಇನ್ನೂ ಸುಲಭದ ದಾರಿ ಇದೆ. ಸೂಜಿ ಇಲ್ಲದ ಖಾಲಿ ಸಿರಿಂಜಿನಲ್ಲಿ ಸೇಬಿನ ತಿರುಳು ತುಂಬಿ, ತುಟಿಯ ಮೂಲೆಯಲ್ಲಿ, ಮುಂದಿನ ಹಲ್ಲು ದವಡೆ ಹಲ್ಲಿನ ನಡುವಿನ ಖಾಲಿ ಜಾಗದಿಂದ ಕೊಡಿ. ವಾರಕ್ಕೊಮ್ಮೆ. ಹತ್ತು ಸಲ ಸಿಹಿ, ಒಂದು ಸಲ ಕಹಿ ಅಂದರೆ ಕುದುರೆ ಕ್ಷಮಿಸುತ್ತದೆ.

ಮೇವು, ನೀರು, ಉಳಿದದ್ದು

ಕುದುರೆಯ ಜಠರ ಮೈಗೆ ಹೋಲಿಸಿದರೆ ಚಿಕ್ಕದು. ಆದರೆ ಅದರಲ್ಲಿ ಆಮ್ಲ ದಿನವಿಡೀ ಒಸರುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಅದಕ್ಕೇ ಎರಡು ಹೊತ್ತು ದೊಡ್ಡ ಊಟ ಕೊಟ್ಟು ನಡುವೆ ಖಾಲಿ ನಿಲ್ಲಿಸಿದರೆ ಹುಣ್ಣಾಗುತ್ತದೆ. ಒಣ ಲೆಕ್ಕದಲ್ಲಿ ಮೈತೂಕದ 1.5ರಿಂದ 2 ಶೇಕಡಾ ಹುಲ್ಲು ಬೇಕು. 500 ಕಿಲೋ ಕುದುರೆಗೆ 7.5ರಿಂದ 10 ಕಿಲೋ. ಕಾಳಿನ ಮೇವು ಕೆಲಸ ಮಾಡುವ ಕುದುರೆಗೆ ಮಾತ್ರ, ಅದೂ ಸ್ವಲ್ಪ ಸ್ವಲ್ಪ. ಮೇವು ಬದಲಿಸುವುದಾದರೆ ಒಂದು ವಾರ ಹತ್ತು ದಿನ ಹಿಡಿದು ಬೆರೆಸುತ್ತಾ ಬದಲಿಸಿ. ನೀರು ದಿನಕ್ಕೆ 25ರಿಂದ 45 ಲೀಟರ್ ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಜಾಸ್ತಿ. ತೊಟ್ಟಿ ತಿಕ್ಕಿ ತೊಳೆಯುವುದೂ ವೈದ್ಯವೇ. ನೆಕ್ಕಲು ಉಪ್ಪು ಇರಲಿ.

ತೂಕ ನೋಡಲು ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಎದೆಯ ಮುಂಭಾಗದಿಂದ ಪೃಷ್ಠದ ತುದಿವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬರುವುದು ಕಿಲೋ. ಹುಳದ ಔಷಧಿಯ ಅಳತೆಗೆ ಇದು ಬೇಕು. ಆದರೆ ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಹುಳದ ಔಷಧಿ ಕುಡಿಸಬೇಡಿ. ಹುಳಗಳಿಗೆ ಔಷಧಿ ಒಗ್ಗಿಹೋಗುತ್ತಿದೆ. ಲದ್ದಿ ಪರೀಕ್ಷೆ ಮಾಡಿಸಿ, ಮೊಟ್ಟೆ ಎಷ್ಟಿವೆ ನೋಡಿ ಕೊಡಿ.

ಹಲ್ಲು ವರ್ಷಕ್ಕೊಮ್ಮೆ ತೋರಿಸಿ. ಅರ್ಧ ಜಗಿದ ಹುಲ್ಲಿನ ಉಂಡೆ ನೆಲಕ್ಕೆ ಬೀಳುತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ. ಧನುರ್ವಾಯು ಲಸಿಕೆ ತಪ್ಪಿಸಲೇಬೇಡಿ, ಕುದುರೆಗೆ ಆ ರೋಗ ಬಲು ಬೇಗ ತಗಲುತ್ತದೆ. ಗಾಯಕ್ಕೆ ಉಪ್ಪುನೀರು ಸಾಕು, ಬಣ್ಣದ ಪುಡಿ ಮೆತ್ತಿ ಡಾಕ್ಟರಿಗೆ ಗಾಯವೇ ಕಾಣದ ಹಾಗೆ ಮಾಡಬೇಡಿ. ಕಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಿದ್ದರೆ ಅದೇ ದಿನ ತೋರಿಸಿ.

ಹೊಟ್ಟೆಶೂಲೆ ಬಂದ ರಾತ್ರಿ

ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಅದಕ್ಕೇ ಹೊಟ್ಟೆನೋವು ಅಂದರೆ ನನಗೆ ನಿದ್ದೆ ಬರುವುದಿಲ್ಲ. ಮೇವು ಬಿಡುತ್ತದೆ, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ಮಲಗಿ ಏಳುತ್ತದೆ, ಹೊರಳುತ್ತದೆ, ಲದ್ದಿ ಹಾಕುವುದಿಲ್ಲ.

ನನ್ನ ಇನ್ನೊಂದು ಕುದುರೆ ಕರಿಯನಿಗೆ ಹೀಗಾದದ್ದು ರಾತ್ರಿ ಹತ್ತಕ್ಕೆ. ನಾಡಿ 52. ಬಾಗಿಲ ಹಿಂದೆ ಅವನ ಹೆಸರಿನ ಮುಂದೆ 36 ಅಂತ ಇತ್ತು. ಥರ್ಮಾಮೀಟರ್ ಇಡಲು ಒಬ್ಬಳೇ ಸಾಕಾಯಿತು. ಒಸಡು ನೋಡಿದೆ, ಎರಡೂ ಕಡೆ ಹೊಟ್ಟೆಗೆ ಕಿವಿ ಇಟ್ಟೆ. ಎಡಗಡೆ ಸದ್ದಿಲ್ಲ. ಫೋನಿನಲ್ಲಿ ಡಾಕ್ಟರಿಗೆ ಹೇಳಿದ್ದು ಅರ್ಧ ನಿಮಿಷದ ಮಾತು: ಯಾವಾಗಿಂದ, ನಾಡಿ ಎಷ್ಟು, ಜ್ವರ ಎಷ್ಟು, ಒಸಡಿನ ಬಣ್ಣ, ಕೊನೆಯ ಲದ್ದಿ ಯಾವಾಗ, ಮೇವು ಬದಲಿಸಿದ್ದೇನಾ. ಅವರು ಮತ್ತೇನೂ ಕೇಳದೆ ಹೊರಟರು.

ಅವರು ಬರುವವರೆಗೆ ನೀವು ಮಾಡುವುದು ಇಷ್ಟೇ. ಮೇವೆಲ್ಲ ತೆಗೆಯಿರಿ, ನೀರು ಇರಲಿ. ಹೊರಳಲು ನೋಡುತ್ತಿದ್ದರೆ ನಿಧಾನವಾಗಿ ನಡೆಸಿ. ಸುಮ್ಮನೆ ಮಲಗಿದ್ದರೆ ಮಲಗಿರಲಿ, ಗಂಟೆಗಟ್ಟಲೆ ಎಳೆದಾಡಿ ಸುಸ್ತು ಮಾಡಬೇಡಿ. ಜೋರಾಗಿ ಹೊರಳುತ್ತಿದ್ದರೆ ನೀವು ದೂರ ಇರಿ. ಡಾಕ್ಟರನ್ನು ಕೇಳದೆ ನೋವಿನ ಔಷಧಿ ಕೊಡಬೇಡಿ, ಬಾಯಿಗೆ ಎಣ್ಣೆ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು. ವಿಶ್ರಾಂತಿಯಲ್ಲೇ ನಾಡಿ 60 ದಾಟಿದರೆ ಇನ್ನೊಮ್ಮೆ ಫೋನ್ ಮಾಡಿ ಹೇಳಿ. ಲದ್ದಿ ಹಾಕಿದರೆ ಎತ್ತಿ ಎಸೆಯಬೇಡಿ, ಅವರಿಗೆ ತೋರಿಸಬೇಕು. ಗೇಟು ತೆರೆದಿಡಿ, ಲಾಯದ ದೀಪ ಹಾಕಿಡಿ, ಒಂದು ಬಕೆಟ್ ಬಿಸಿನೀರು, ಸೋಪು, ಟವೆಲ್ ಬಾಗಿಲ ಬಳಿ ಇಡಿ. ನಾಡಿಯನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಿ, ಹೊತ್ತಿನ ಜೊತೆ ಬರೆಯುತ್ತಾ ಹೋಗಿ.